ರಚ್ಚಿಗೆ ಇಬ್ಬರು ಗಿರಾಕಿಗಳು: ಬಾಯ್ಲರ್ರೋ, ಪೊಟ್ಟಣವೋ?

ಮಂಡ್ಯ: ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಿತ್ತು. ಅಂದಿನಿಂದ ಅಂಗಡಿಯವರದು ಒಂದೇ ಗೋಳು: ಕಾಗದದ ಚೀಲ ದುಬಾರಿ, ಗಿರಾಕಿ ಅದಕ್ಕೆ ಕಾಸು ಕೊಡೋಲ್ಲ. ಸಕ್ಕರೆ ನಾಡಿನಲ್ಲಿ ಕಬ್ಬಿನ ರಚ್ಚು ರಾಶಿ ರಾಶಿ ಬೀಳುವಾಗ ಅದರಿಂದಲೇ ಖಾಕಿ ಕಾಗದ ಮಾಡಬಾರದೇಕೆ?

ಮಾಡಬಹುದು. ಕಾಗದ ಮಾಡಿಯೂ ಆಗಿದೆ. ಶ್ರೀರಂಗಪಟ್ಟಣ ತಾಲ್ಲೂಕು ಬೆಳಗೊಳದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ ರಚ್ಚಿನಿಂದಲೇ ಕಾಗದ ತೆಗೆಯುತ್ತಿತ್ತು. ಅದು ನಿಂತು ಎಷ್ಟೋ ವರ್ಷವಾಯಿತು. ರಚ್ಚು ಬಳಸುತ್ತಿದ್ದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಕೂಡ 2015ರಲ್ಲಿ ಕೆಲಸ ನಿಲ್ಲಿಸಿತು.

1 ಟನ್ ಕಬ್ಬು ಅರೆದರೆ ಸುಮಾರು 280 ಕಿಲೋ ರಚ್ಚು. ಅದರಲ್ಲಿ ಅರ್ಧ ಬರೀ ನೀರು. ಉಳಿದದ್ದರಲ್ಲಿ ಬೆಂಡಿನಂಥ ತಿರುಳನ್ನು ಉದುರಿಸಿ ತೆಗೆಯಬೇಕು. ಬಿಟ್ಟರೆ ಅದೇ ಸೋಡಾ ಕುಡಿದು, ನೀರು ಬಸಿಯದಂತೆ ಮಾಡುತ್ತದೆ. ನಾರನ್ನು ಕಾಸ್ಟಿಕ್ ಸೋಡಾ ಹಾಕಿ ಹಬೆಯಲ್ಲಿ ಬೇಯಿಸಿ, ತೊಳೆದು, ಜಾಲರಿ ಮೇಲೆ ಹರಡಿ, ಹಿಂಡಿ, ಬಿಸಿ ಉರುಳೆಗಳ ಮೇಲೆ ಒಣಗಿಸಿದರೆ ಕಾಗದ. ಪೊಟ್ಟಣದ ಕಾಗದಕ್ಕೆ ಬಿಳುಪು ಬೇಡ, ಅಷ್ಟು ಖರ್ಚು ಉಳಿಯಿತು. ಆದರೆ ರಚ್ಚಿನ ನಾರು ಗಿಡ್ಡ. ಬರೀ ಅದರದೇ ಚೀಲದಲ್ಲಿ ಎರಡು ಅಚ್ಚು ಬೆಲ್ಲ ಹಾಕಿಕೊಂಡು ಬಸ್ಸು ಹತ್ತಿದರೆ ಬೆಲ್ಲ ರಸ್ತೆ ಪಾಲಾದೀತು! ಗಟ್ಟಿ ಬರಬೇಕಾದರೆ ಹಳೇ ರಟ್ಟಿನ ಪೆಟ್ಟಿಗೆಯ ಉದ್ದ ನಾರು ಬೆರೆಸಬೇಕು.

ಬೇಯಿಸಿ ಉಳಿಯುವ ಕಪ್ಪು ನೀರು ಇನ್ನೊಂದು ತಲೆನೋವು. ದೊಡ್ಡ ಮಿಲ್ಲುಗಳು ಅದನ್ನು ಬತ್ತಿಸಿ, ಉರಿಸಿ, ಸೋಡಾ ವಾಪಸ್ ಪಡೆಯುತ್ತವೆ. ಸಣ್ಣವರಿಗೆ ಆ ಯಂತ್ರ ಎಟುಕದು. ನಾಲೆಗೆ ಬಿಟ್ಟರೆ ಕೆಳಗಿನ ಗದ್ದೆಯವರು ಸುಮ್ಮನಿದ್ದಾರೆಯೇ?

ಇದೆಲ್ಲಕ್ಕಿಂತ ದೊಡ್ಡ ತೊಡಕು, ರಚ್ಚನ್ನು ಯಾರೂ ಕಸವೆಂದು ಬಿಸಾಡುತ್ತಿಲ್ಲ ಎಂಬುದು. ಆಲೆಮನೆಯ ಕೊಪ್ಪರಿಗೆ ಕುದಿಯುವುದು ಅದರಿಂದ. ಸಕ್ಕರೆ ಕಾರ್ಖಾನೆ ಬಾಯ್ಲರ್ ಉರಿಯುವುದೂ ಅದರಿಂದಲೇ. ಆ ಹಬೆಯಿಂದ ಕರೆಂಟು ತೆಗೆದು ಮಾರುವ ಕಾರ್ಖಾನೆಗಳೂ ಇವೆ. ಕಾಗದದವರಿಗೆ ಕೊಟ್ಟರೆ ಒಲೆಗೇನು ಹಾಕೋಣ ಅಂತಾರೆ.

ತಮಿಳುನಾಡಿನವರು ಇದಕ್ಕೊಂದು ದಾರಿ ಕಂಡುಕೊಂಡರು. ಕರೂರು ಬಳಿ 1980ರ ದಶಕದಲ್ಲಿ ಕಾಗದ ತೆಗೆಯತೊಡಗಿದ ತಮಿಳುನಾಡು ನ್ಯೂಸ್‌ಪ್ರಿಂಟ್ ಕಾರ್ಖಾನೆ, ಸಕ್ಕರೆ ಕಾರ್ಖಾನೆಗಳಿಗೆ ಕಲ್ಲಿದ್ದಲು, ಹಬೆ ಒದಗಿಸಿ ಬದಲಿಗೆ ರಚ್ಚು ಪಡೆಯಿತು. ಕೊಡು-ಕೊಳ್ಳುವ ಸೀದಾ ವ್ಯವಹಾರ. ಪ್ಲಾಸ್ಟಿಕ್ ಬೇಡವೆಂದು ಕಲ್ಲಿದ್ದಲು ಸುಡುವುದು ಎಷ್ಟು ಚೆಂದ ಎಂಬುದು ಬೇರೆ ಮಾತು.

ಮಂಡ್ಯದ ಕಡೆ ಯಾರಾದರೂ ಖಾಕಿ ಕಾಗದದ ಮಿಲ್ ಹಾಕುವುದಾದರೆ ಮೊದಲು ಈ ಉರುವಲಿನ ಮಾತು ಮುಗಿಸಬೇಕು. ಆಮೇಲೆ ರಾಶಿ ಹಾಕಲು ಬಯಲು ಹುಡುಕಬೇಕು. ಕಾರ್ಖಾನೆ ಕಬ್ಬು ಅರೆಯುವುದು ಕೆಲವು ತಿಂಗಳು, ಕಾಗದ ಓಡಬೇಕಾದ್ದು ವರ್ಷವಿಡೀ. ಸಿಹಿ ಉಳಿದ ರಚ್ಚು ರಾಶಿಯಲ್ಲಿ ಹುಳಿಯುತ್ತದೆ. ಒಣಗಿತೋ, ಬೆಂಕಿಯ ಭಯ. ನೀರು ಹಾಯಿಸುತ್ತಾ ಕಾಯಬೇಕು.