ಮೈಸೂರಿನ ಬೀಟೆಮರದ ಕುಸುರಿ

ಹೊಸ ಮನೆಯ ಗೃಹಪ್ರವೇಶವು ಹತ್ತಿರವಾಯಿತೆಂದರೆ ನಮ್ಮ ಕಡೆಯ ಹಳ್ಳಿಗಳ ಜನರು ಮೈಸೂರಿಗೆ ಹೊರಡುವರು. ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನವರಾಗಲಿ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಕಡೆಯವರಾಗಲಿ, ನಗರದಲ್ಲಿ ಬಸ್ಸಿನಿಂದಿಳಿದು ಸಯ್ಯಾಜಿರಾವ್ ರಸ್ತೆಯನ್ನು ಹಿಡಿಯುವುದು ವಾಡಿಕೆ. ಪಾತ್ರೆ, ದೀಪ, ಪರದೆಯ ಬಟ್ಟೆ, ದೇವರ ಪಟ ಇವೆಲ್ಲವನ್ನೂ ಕೊಂಡಾದ ಮೇಲೆ ನಡುಮನೆಯ ಗೋಡೆಗೆ ಏನಾದರೊಂದು ಬೇಕೆಂಬ ಮಾತು ಬರುತ್ತದೆ. ಆಗ ಎರಡು ವಸ್ತುಗಳು ಕಣ್ಣಿಗೆ ಬೀಳುತ್ತವೆ. ಒಂದು, ಗಾಜಿನ ಕಟ್ಟಿನಲ್ಲಿ ಹೊಳೆಯುವ ಅಚ್ಚಿನ ಚಿತ್ರ. ಅದರಲ್ಲಿ ಜಲಪಾತವಿರುತ್ತದೆ, ಹಿಮದ ಬೆಟ್ಟವಿರುತ್ತದೆ. ಇನ್ನೊಂದು, ಕಪ್ಪುಗೆಂಪಿನ ಮರದ ಹಲಗೆಯ ಮೇಲೆ ಹಳದಿ, ಬಿಳಿ, ಕಂದು ಬಣ್ಣಗಳಲ್ಲಿ ಮೂಡಿದ ದಸರಾ ಆನೆ. ಎರಡೂ ಒಂದೇ ಅಳತೆಯವು. ಬೆಲೆಯಲ್ಲಿ ಮಾತ್ರ ಹಲವು ಪಟ್ಟು ಅಂತರ. ಕೊಳ್ಳುವವರು ಒಂದು ಗಳಿಗೆ ಆನೆಯನ್ನು ನೋಡಿ, ಜಲಪಾತವನ್ನು ಕಟ್ಟಿಸಿಕೊಂಡು ಹೋಗುವುದೇ ಹೆಚ್ಚು. ಆ ಅಂತರವು ಎಲ್ಲಿಂದ ಬಂದಿತೆಂಬುದನ್ನು ಅಂಗಡಿಯವನು ಹೇಳುವುದಿಲ್ಲ. ಹೇಳಲು ಅವನಿಗೆ ಹೊತ್ತೂ ಇರುವುದಿಲ್ಲ.

ಆ ಆನೆಗೆ ಬಣ್ಣ ಬಳಿದಿಲ್ಲ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. ಅದರಲ್ಲಿ ಕಾಣುವ ಒಂದೊಂದು ಬಣ್ಣವೂ ಒಂದೊಂದು ಮರ. ಹಲಗೆಯ ಮೈಯನ್ನು ಚಿತ್ರದ ಆಕಾರಕ್ಕೆ ತಕ್ಕಂತೆ ತೋಡಿ, ಆ ತಗ್ಗಿಗೆ ಬೇರೆ ಮರದ ತುಂಡನ್ನು ಎಳೆಯಷ್ಟೂ ಸಂದಿಲ್ಲದಂತೆ ಕೂರಿಸಿರುತ್ತಾರೆ. ಈ ಕೆಲಸಕ್ಕೆ ಮೈಸೂರಿನ ಕುಶಲಕರ್ಮಿಗಳೂ ವರ್ತಕರೂ ಇನ್‌ಲೇ ಎಂಬ ಇಂಗ್ಲಿಷ್ ಹೆಸರನ್ನೇ ಬಳಸುವರು. ಬೀದರಿನ ಕುಶಲಿಗಳು ಕಪ್ಪು ಲೋಹದಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸುವುದೂ ಇದೇ ಜಾತಿಯ ವಿದ್ಯೆ. ಅಲ್ಲಿ ಲೋಹದೊಳಗೆ ಲೋಹ. ಇಲ್ಲಿ ಮರದೊಳಗೆ ಮರ.

ಹಿನ್ನೆಲೆಯ ಹಲಗೆ ಬೀಟೆಯದು. ಬೀಟೆಯು ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಮರ. ಅದರ ಚೇಗು ಕಡುಗಂದು ಬಣ್ಣದ್ದು. ನಡುನಡುವೆ ಕಪ್ಪು ಗೆರೆಗಳು ಓಡಿರುತ್ತವೆ. ಭಾರವೂ ಗಟ್ಟಿಯೂ ಆಗಿರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಆದರೆ ಒಮ್ಮೆ ಕೆತ್ತಿದ ಅಂಚು ಪುಡಿಯಾಗದೆ ನಿಲ್ಲುತ್ತದೆ. ಕೂರಿಸುವ ಕೆಲಸಕ್ಕೆ ಬೇಕಾದುದು ಈ ಗುಣವೇ. ಹಳದಿ ಬಣ್ಣಕ್ಕೆ ಹಲಸು. ರಾವಂದೂರಿನ ಹಿತ್ತಿಲುಗಳಲ್ಲಿ ಹಲಸಿನ ಮರವನ್ನು ಕಾಣದ ಬಾಲಕರು ಇರಲಾರರು. ಅದರ ಚೇಗನ್ನು ಹೊಸದಾಗಿ ಕೊಯ್ದಾಗ ಅರಿಶಿನದಂತೆ ಕಾಣುವುದೆಂಬುದನ್ನೂ ಮರಗೆಲಸದವರ ಮನೆಯ ಮಕ್ಕಳು ಬಲ್ಲರು. ತಿಳಿಬಣ್ಣಕ್ಕೂ ಕೆಂಪಿಗೂ ಬೇರೆ ಬೇರೆ ಮರಗಳುಂಟು. ನೀಲಿ ಬಣ್ಣದ ಮರ ಮಾತ್ರ ನಮ್ಮ ಕಾಡಿನಲ್ಲಿಲ್ಲ. ಆದುದರಿಂದ ಹಳೆಯ ಫಲಕಗಳಲ್ಲಿ ಆಕಾಶವು ನೀಲಿಯಾಗಿರುವುದಿಲ್ಲ; ತಿಳಿಮರವೊಂದರ ಎಳೆಗಳು ಅಡ್ಡಡ್ಡಲಾಗಿ ಹರಿಯುವಂತೆ ಜೋಡಿಸಿ ಅದನ್ನೇ ಮೋಡವೆಂದೂ ನೀರೆಂದೂ ತೋರಿಸಿರುತ್ತಾರೆ. ಈಚೆಗೆ ಬಣ್ಣದಲ್ಲಿ ಅದ್ದಿದ ಮರದ ಹಾಳೆಗಳು ಬಳಕೆಗೆ ಬಂದು ಹಸಿರು ಗಿಳಿ, ನೀಲಿ ನವಿಲು ಎಲ್ಲವೂ ಸಾಧ್ಯವಾಗಿವೆ. ಮರದ ಎಳೆಯನ್ನೇ ನೀರಾಗಿಸಿದ ಹಳೆಯ ಜಾಣತನವೇ ಹೆಚ್ಚಿನದೆಂದು ನನಗೆ ತೋರುತ್ತದೆ.

ಕೆಲಸದ ಕ್ರಮವನ್ನು ನೋಡೋಣ. ಮೊದಲು ಚಿತ್ರಕಾರನು ಕಾಗದದ ಮೇಲೆ ಪೂರ್ಣ ಚಿತ್ರವನ್ನು ಬರೆಯುವನು. ಅದರ ಪ್ರತಿಗಳನ್ನು ತೆಗೆದು, ಯಾವ ಭಾಗಕ್ಕೆ ಯಾವ ಮರವೆಂದು ಗುರುತಿಸಿ, ಆಯಾ ಭಾಗದ ಕಾಗದವನ್ನು ಆಯಾ ಮರದ ತೆಳುಹಲಗೆಯ ಮೇಲೆ ಅಂಟಿಸುವರು. ಬಳಿಕ ದಾರದಂತೆ ಸಪುರವಾದ ಅಲಗುಳ್ಳ ಗರಗಸದಿಂದ ಗೆರೆಯ ಮೇಲೆಯೇ ಕೊಯ್ಯಬೇಕು. ಗೆರೆಯ ಹೊರಗೆ ಹೋದರೆ ತುಂಡು ಕೂರುವುದಿಲ್ಲ. ಒಳಗೆ ಬಂದರೆ ಸಂದು ಉಳಿಯುತ್ತದೆ. ಅಂಗೈಯಗಲದ ಒಂದು ಆನೆಯನ್ನೇ ತೆಗೆದುಕೊಳ್ಳಿರಿ. ಮೈ ಬೇರೆ, ಕಿವಿ ಬೇರೆ, ದಂತ ಬೇರೆ, ಕಾಲಿನ ಉಗುರುಗಳು ಬೇರೆ. ಮೇಲೆ ಜೂಲು, ಅಂಬಾರಿ, ಅದರ ಕಂಬಗಳು, ಕಳಶ, ಮುಂದೆ ಕುಳಿತ ಮಾವುತ. ಹೀಗೆ ಒಂದು ಆನೆಯೆಂದರೆ ಹತ್ತಾರು ತುಂಡುಗಳು. ಅಂಥ ಆನೆಗಳ ಸಾಲು, ಕುದುರೆಗಳು, ನಿಶಾನೆ ಹಿಡಿದವರು, ಹಿಂದೆ ಅರಮನೆ ಇವೆಲ್ಲ ಸೇರಿದ ಜಂಬೂಸವಾರಿಯ ಫಲಕದಲ್ಲಿ ಎಷ್ಟು ತುಂಡುಗಳಿರಬಹುದೆಂಬುದನ್ನು ನೀವೇ ಊಹಿಸಿರಿ.

ತುಂಡುಗಳು ಸಿದ್ಧವಾದ ಮೇಲೆ ಅವನ್ನು ಬೀಟೆಯ ಹಲಗೆಯ ಮೇಲಿಟ್ಟು ಮೊನೆಯಿಂದ ಸುತ್ತ ಗೆರೆ ಎಳೆಯುವರು. ಗೆರೆಯೊಳಗಿನ ಭಾಗವನ್ನು ಸಣ್ಣ ಉಳಿಗಳಿಂದ ತೆಗೆದು, ತಳವನ್ನು ಸಮಮಾಡಿ, ಅಂಟು ಸವರಿ ತುಂಡನ್ನು ಒತ್ತಿ ಕೂರಿಸುವರು. ಅಂಟು ಒಣಗುವವರೆಗೆ ಕೈಯಿಡುವಂತಿಲ್ಲ. ಆಮೇಲೆ ಉಜ್ಜುವ ಕೆಲಸ. ಒರಟು ಉಪ್ಪುಕಾಗದದಿಂದ ಆರಂಭಿಸಿ ನಯವಾದುದರವರೆಗೆ ಉಜ್ಜುತ್ತ ಹೋದಂತೆ ಎಲ್ಲ ಮರಗಳೂ ಒಂದೇ ಮಟ್ಟಕ್ಕೆ ಬರುತ್ತವೆ. ಕಣ್ಣು, ಬೆರಳು, ಬಟ್ಟೆಯ ಮಡಿಕೆ ಮುಂತಾದ ಸೂಕ್ಷ್ಮ ಗೆರೆಗಳನ್ನು ಮೊನೆಯಿಂದ ಕೊರೆದು ಕಪ್ಪು ಮೇಣವನ್ನು ತುಂಬುವರು. ಕಡೆಯಲ್ಲಿ ಮೆರುಗು. ಸಾಮಾನ್ಯವಾಗಿ ಈ ಹಂತಗಳನ್ನು ಒಬ್ಬನೇ ಮಾಡುವುದಿಲ್ಲ; ಬರೆಯುವವನು, ಕೊಯ್ಯುವವನು, ಕೂರಿಸುವವನು, ಉಜ್ಜುವವನು ಬೇರೆ ಬೇರೆ. ಮೈಸೂರಿನ ಮಂಡಿ ಮೊಹಲ್ಲಾದ ಕಿರಿದಾದ ಬೀದಿಗಳಲ್ಲಿ ಈ ಕೆಲಸದ ಮನೆಗಳಿವೆ. ಬಹುಮಟ್ಟಿಗೆ ಮುಸಲ್ಮಾನ ಕುಶಲಿಗಳ ಕುಟುಂಬಗಳು ಅವು. ಗಣಪತಿ, ಸರಸ್ವತಿ, ಗೀತೋಪದೇಶದ ಕೃಷ್ಣ ಇವರ ಮೂರ್ತಿಗಳಿಗೆ ಎಂಥ ಮರ ಒಪ್ಪುವುದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳ.

ಈ ವಿದ್ಯೆಯು ಮೈಸೂರಿನಲ್ಲಿ ಬೇರೂರಲು ಅರಮನೆಯ ಆಶ್ರಯವು ಮುಖ್ಯ ಕಾರಣವಾಯಿತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಮರದಿಂದ ಕಟ್ಟಿದ್ದ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಎದ್ದ ಈಗಿನ ಅರಮನೆಯು 1912ರಲ್ಲಿ ಪೂರ್ಣವಾಯಿತು. ಅಲ್ಲಿನ ಅಂಬಾವಿಲಾಸ ತೊಟ್ಟಿಗೆ ಹೋಗುವವರು ದಂತವನ್ನು ಕೂರಿಸಿದ ಬೀಟೆಯ ಬಾಗಿಲೊಂದನ್ನು ತಪ್ಪದೆ ನೋಡಬೇಕು. ಇದಕ್ಕೂ ಹಿಂದಿನ ಮಾದರಿಯನ್ನು ಬಯಸುವವರಿಗೆ ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಕರಿಮರದ ಬಾಗಿಲುಗಳುಂಟು. ದಂತದ ಕುಸುರಿಯುಳ್ಳ ಅವು ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿಯ ಕೊಡುಗೆ. ಕುಶಲವಿದ್ಯೆಗಳನ್ನು ಶಾಲೆಯಲ್ಲಿ ಕಲಿಸುವ ಪ್ರಯತ್ನವೂ ನಡೆಯಿತು. ಚಾಮರಾಜೇಂದ್ರ ಒಡೆಯರ ಹೆಸರಿನ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಶಂಕುಸ್ಥಾಪನೆಯಾಯಿತು. ಆ ಸಂಸ್ಥೆಯ ಭವನವು ಸಯ್ಯಾಜಿರಾವ್ ರಸ್ತೆಯಲ್ಲಿಯೇ ಇದೆ. ದೃಶ್ಯಕಲೆಗಳ ಮಹಾವಿದ್ಯಾಲಯವು ಅದರ ಪರಂಪರೆಯನ್ನು ಮುಂದುವರಿಸಿಕೊಂಡು ಬಂದಿದೆ. 1964ರಲ್ಲಿ ಸ್ಥಾಪಿತವಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ‘ಕಾವೇರಿ’ ಎಂಬ ಹೆಸರಿನ ಮಳಿಗೆಗಳನ್ನು ತೆರೆಯಿತು. ಬೆಂಗಳೂರಿನ ಮಹಾತ್ಮಗಾಂಧಿ ರಸ್ತೆಯಲ್ಲಿ ಈ ಮಳಿಗೆಯನ್ನು ಹೊಕ್ಕವರು ಚನ್ನಪಟ್ಟಣದ ಅರಗಿನ ಗೊಂಬೆಯಿಂದ ಕಿನ್ನಾಳದ ದೇವತಾಮೂರ್ತಿಯವರೆಗೆ ಇಡೀ ನಾಡಿನ ಕೈಗೆಲಸವನ್ನು ಒಂದೆಡೆ ಕಂಡಿರುವರು.

ಹಳೆಯ ಫಲಕಗಳಲ್ಲಿ ಬಿಳಿಯ ಬಣ್ಣಕ್ಕೆ ದಂತವನ್ನೇ ಹಾಕುತ್ತಿದ್ದರು. ಈಗ ಅದು ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿಯೂ 1991ರಲ್ಲಿಯೂ ತಂದ ತಿದ್ದುಪಡಿಗಳಿಂದ ನಮ್ಮ ಆನೆಗಳ ದಂತವಾಗಲಿ, ಆಫ್ರಿಕದಿಂದ ತರಿಸಿದ ದಂತವಾಗಲಿ ವ್ಯಾಪಾರಕ್ಕೆ ಸಲ್ಲದಾಯಿತು. ಕುಶಲಿಗಳಿಗೆ ಇದು ಸಣ್ಣ ಪೆಟ್ಟಲ್ಲ. ದಂತದ ಕೆಲಸದಲ್ಲಿ ಕೈ ಪಳಗಿದ್ದವರು ಬಿಳಿಯ ಪ್ಲಾಸ್ಟಿಕ್ಕಿಗೆ ಇಳಿಯಬೇಕಾಯಿತು. ಕೆಲವರು ಕೆಲಸವನ್ನೇ ಬಿಟ್ಟರು. ಆದರೆ ನಾಗರಹೊಳೆಯ ಅಂಚಿನಲ್ಲಿ ಬದುಕುವ ಹುಣಸೂರು, ಹೆಗ್ಗಡದೇವನಕೋಟೆಯ ಜನರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಕಾಕನಕೋಟೆಯಲ್ಲಿ ಆನೆಗಳನ್ನು ಹಿಡಿಯುವ ಖೆಡ್ಡಾ 1971ರಲ್ಲಿ ಕೊನೆಯ ಬಾರಿ ನಡೆಯಿತು. ಅಂದು ಆನೆಗಳನ್ನು ಅಟ್ಟುತ್ತಿದ್ದ ಆ ಕಾಡಿನ ಆಚೀಚೆ ಇಂದು ಅವು ರಕ್ಷಿತವಾಗಿ ಓಡಾಡಿಕೊಂಡಿವೆ. ಗದ್ದೆಗೆ ನುಗ್ಗಿದ ಆನೆಯನ್ನು ಬೈಯುವ ರೈತನೂ ಅದನ್ನು ದಂತಕ್ಕಾಗಿ ಕೊಲ್ಲಬೇಕೆಂದು ಹೇಳುವುದಿಲ್ಲ.

ದಂತದ ಮಾತು ಮುಗಿಯಿತೆನ್ನುವಷ್ಟರಲ್ಲಿ ಬೀಟೆಯ ಮಾತು ಬಂದಿತು. ಈ ಮರವು ಬೆಳೆಯಲು ಹಲವು ದಶಕಗಳು ಬೇಕು. ಕಾಡಿನಲ್ಲಿ ಅದು ವಿರಳವಾಗುತ್ತ ಬಂದಂತೆ ದರವು ಏರಿತು. 2017ರಿಂದ ಬೀಟೆಯ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ಒಪ್ಪಂದವೊಂದರ ಹತೋಟಿಗೆ ಒಳಪಟ್ಟುವು. ವಸ್ತುಗಳನ್ನು ದೇಶದಿಂದ ಹೊರಕ್ಕೆ ಕಳುಹಿಸಲು ಪರವಾನಗಿ ಪತ್ರಗಳು ಬೇಕಾದುವು. ಈ ನಿಬಂಧನೆಯನ್ನು 2019ರಲ್ಲಿ ಸ್ವಲ್ಪ ಸಡಿಲಿಸಿದರು. ಒಂದು ಮಾತನ್ನು ಇಲ್ಲಿ ಹೇಳಬೇಕು. ಪಿರಿಯಾಪಟ್ಟಣ, ಹುಣಸೂರುಗಳ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಸೊಪ್ಪನ್ನು ಹದಮಾಡಲು ಎಷ್ಟು ಸೌದೆ ಉರಿಯುವುದೆಂಬುದನ್ನು ಈ ಭಾಗದ ವಿದ್ಯಾರ್ಥಿಗಳು ಕಣ್ಣಾರೆ ನೋಡಿದ್ದಾರೆ. ಕುಶಲಕರ್ಮಿಯು ಒಂದು ವರ್ಷದಲ್ಲಿ ಬಳಸುವ ಮರವು ಅದರ ಮುಂದೆ ಒಂದು ಹೊರೆಯಷ್ಟೂ ಅಲ್ಲ. ಸೌದೆಯ ಮರ ಬೇರೆ, ಬೀಟೆ ಬೇರೆ ಎಂಬುದು ನಿಜ. ಆದರೂ ಕಾಡು ಕರಗಿದುದರ ಹೊಣೆಯನ್ನು ಉಳಿ ಹಿಡಿದವನ ಮೇಲೆ ಹೊರಿಸುವುದು ನ್ಯಾಯವಲ್ಲ. ಮರವನ್ನು ಮಿತವ್ಯಯ ಮಾಡುವ ದಾರಿಯನ್ನು ಅವನೂ ಕಂಡುಕೊಂಡಿದ್ದಾನೆ. ಈಗಿನ ಅನೇಕ ಫಲಕಗಳಲ್ಲಿ ಬೀಟೆಯ ಇಡೀ ಹಲಗೆಗೆ ಬದಲಾಗಿ ಅದರ ತೆಳುಹಾಳೆಯನ್ನು ಪ್ಲೈವುಡ್ಡಿನ ಮೇಲೆ ಅಂಟಿಸಿರುತ್ತಾರೆ. ಇದು ಮೋಸವಲ್ಲ, ಇಡೀ ಬೀಟೆಯೆಂದು ಹೇಳಿ ಅದನ್ನು ಮಾರಿದರೆ ಮೋಸ.

ಮೋಸವು ಬೇರೆ ಬಗೆಯಲ್ಲಿಯೂ ಉಂಟು. ಬಣ್ಣ ಬಳಿದ ಅಥವಾ ಅಚ್ಚೊತ್ತಿದ ಚಿತ್ರದ ಮೇಲೆ ದಪ್ಪ ವಾರ್ನಿಷನ್ನು ಹಚ್ಚಿ ಕುಸುರಿಯೆಂದು ಹೇಳುವರು. ಇದನ್ನು ಗುರುತಿಸಲು ವಿಶೇಷ ಪಾಂಡಿತ್ಯ ಬೇಕಿಲ್ಲ. ಫಲಕವನ್ನು ಬೆಳಕಿಗೆ ಓರೆಯಾಗಿ ಹಿಡಿದು ಮರದ ಎಳೆಗಳನ್ನು ನೋಡಬೇಕು. ನಿಜವಾದ ಕೆಲಸದಲ್ಲಿ ಆನೆಯ ಮೈಯ ಎಳೆ ಒಂದು ಕಡೆಗೆ ಹರಿದರೆ ಕಿವಿಯ ಎಳೆ ಇನ್ನೊಂದು ಕಡೆಗೆ ಹರಿಯುತ್ತದೆ. ಪ್ರತಿ ಅಂಚಿನಲ್ಲಿಯೂ ಎಳೆ ಕಡಿದು ಹೊಸದಾಗಿ ಆರಂಭವಾಗುತ್ತದೆ. ಬಳಿದ ಚಿತ್ರದಲ್ಲಿ ಹಿನ್ನೆಲೆಯ ಎಳೆಯೇ ಆನೆಯ ಹೊಟ್ಟೆಯೊಳಗೂ ನಿರಾತಂಕವಾಗಿ ಹಾದುಹೋಗಿರುತ್ತದೆ. ಮೈಸೂರಿನ ಬೀಟೆಮರದ ಕುಸುರಿಗೆ ಭೌಗೋಳಿಕ ಸೂಚನೆಯ ಮಾನ್ಯತೆಯು ದೊರೆತಿದೆ. ಬೇರೆ ಊರಿನ ಮಾಲನ್ನು ಈ ಹೆಸರಿನಿಂದ ಮಾರುವುದು ಕಾನೂನಿಗೆ ವಿರುದ್ಧ. ಆದರೆ ಕಾನೂನು ಹೆಸರನ್ನು ಕಾಯುತ್ತದೆಯೇ ಹೊರತು ಕೂಲಿಯನ್ನಲ್ಲ. ಪ್ರವಾಸಿಗಳನ್ನು ಅಂಗಡಿಗೆ ಕರೆತಂದವರಿಗೆ ಪಾಲು ಕೊಡುವ ರೂಢಿಯು ನಗರದಲ್ಲಿ ಹಿಂದಿನಿಂದ ಬಂದುದು. ಗಿರಾಕಿಯು ಕೊಟ್ಟ ಹಣದಲ್ಲಿ ಕರೆತಂದವನ ಪಾಲು, ಅಂಗಡಿಯ ಬಾಡಿಗೆ, ವರ್ತಕನ ಲಾಭ ಎಲ್ಲವೂ ಕಳೆದ ಮೇಲೆ ಉಳಿದುದು ಮಂಡಿ ಮೊಹಲ್ಲಾವನ್ನು ಮುಟ್ಟುತ್ತದೆ. ಗರಗಸ ಹಿಡಿದ ತಂದೆಯ ಮಗನು ಬೇರೆ ಉದ್ಯೋಗವನ್ನು ಅರಸಿ ಹೋಗುವುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ಸಾಧ್ಯವಾದವರು ಕೆಲಸದ ಮನೆಗೇ ಹೋಗಿ ನೋಡಿ ಕೊಳ್ಳುವುದು ಒಳ್ಳೆಯದು. ಅಲ್ಲಿ ಜಂಬೂಸವಾರಿಯ ದೊಡ್ಡ ಫಲಕಗಳಷ್ಟೇ ಅಲ್ಲದೆ ಕೈಗೆಟಕುವ ಬೆಲೆಯ ಸಣ್ಣ ತಟ್ಟೆ, ಪೆಟ್ಟಿಗೆಗಳೂ ಸಿಗುತ್ತವೆ.

ಮನೆಯ ಅಲಂಕಾರಕ್ಕೆ ಎಲ್ಲವನ್ನೂ ಮೈಸೂರಿನಿಂದಲೇ ತರಬೇಕೆಂದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದರು. ಕಾಡನ್ನು ಕಡಿದು ಹೊಲಮಾಡಿದ ಆ ಜನರು ತಮ್ಮೊಡನೆ ಉಣ್ಣೆಯ ರತ್ನಗಂಬಳಿಯನ್ನು ನೆಯ್ಯುವ ವಿದ್ಯೆಯನ್ನೂ ತಂದಿದ್ದರು. ಅವರ ನೇಯ್ಗೆಯ ರೀತಿ ವಿಚಿತ್ರವಾದುದು. ನಿಲ್ಲಿಸಿದ ಮಗ್ಗದಲ್ಲಿ ಹಾಸಿನ ನೂಲುಗಳ ಮುಂದೆ ಅಡ್ಡಲಾಗಿ ಒಂದು ಸರಳನ್ನು ಹಿಡಿದು, ಬಣ್ಣದ ಉಣ್ಣೆಯನ್ನು ನೂಲಿಗೂ ಸರಳಿಗೂ ಸೇರಿಸಿ ಸುತ್ತುತ್ತ ಹೋಗುವರು. ಒಂದು ಸಾಲು ಮುಗಿದ ಮೇಲೆ ಸರಳಿನ ಉದ್ದಕ್ಕೂ ಚಾಕುವನ್ನು ಎಳೆದರೆ ಕುಣಿಕೆಗಳೆಲ್ಲ ಒಮ್ಮೆಗೇ ಕತ್ತರಿಸಿ, ಉಣ್ಣೆಯ ತುದಿಗಳು ಹುಲ್ಲಿನಂತೆ ನೆಟ್ಟಗೆ ನಿಲ್ಲುತ್ತವೆ. ಬಳಿಕ ಹೂವಿನ, ಹಕ್ಕಿಯ, ಘಟಸರ್ಪದ ಅಂಚುಗಳು ಎದ್ದು ಕಾಣುವಂತೆ ಕತ್ತರಿಯಿಂದ ಸುತ್ತಲೂ ಸವರುವರು. ರಾವಂದೂರಿನ ಮನೆಯೊಂದರ ನಡುಮನೆಯಲ್ಲಿ ಆ ಕಂಬಳಿಯನ್ನು ಹಾಸಿ, ಗೋಡೆಗೆ ಬೀಟೆಯ ಆನೆಯನ್ನು ತೂಗುಹಾಕಿದರೆ ಎರಡಕ್ಕೂ ಹೊಂದುವುದೇ ಎಂದು ಕೇಳಬಹುದು. ಹೊಸ್ತಿಲಿನ ರಂಗೋಲಿ ಮೊದಲೇ ಅಲ್ಲಿರುತ್ತದೆ. ಅದರೊಡನೆ ಇವೆರಡೂ ಹೊಂದಿಕೊಂಡಾವು.