ವಿದ್ಯುತ್ ಕ್ಷೇತ್ರವನ್ನೇರುವ ಎರಿಗೋನಿ ಜೇಡ

ಜೇಡ ಎಂದೊಡನೆ ನಮಗೆ ನೆನಪಾಗುವುದು ಚಕ್ರಾಕಾರದ ಬಲೆ. ಲಿನಿಫಿಡೇ ಕುಟುಂಬದ ಜೇಡಗಳಾದರೋ ಅಡ್ಡಲಾಗಿ ಹರಡಿದ ಹಾಳೆಯಂತಹ ಬಲೆಯನ್ನು ನೇಯ್ದು, ಅದರ ಅಡಿಯಲ್ಲಿ ಜೋತುಬಿದ್ದು ಬೇಟೆಗೆ ಕಾಯುತ್ತವೆ. 4,000ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದ ಒಂದು ಜಾತಿ ಎರಿಗೋನಿ.

ಇವುಗಳ ಉದ್ದ ಸುಮಾರು 2ರಿಂದ 3 ಮಿಲಿಮೀಟರ್ ಮಾತ್ರ. ಗಂಡಿನ ತಲೆ-ಎದೆ ಭಾಗದ ಅಂಚಿನಲ್ಲಿರುವ ಪುಟ್ಟ ಹಲ್ಲುಗಳು ಈ ಜಾತಿಯ ಗುರುತು. ಎರಿಗೋನಿ ಆಟ್ರ ಮತ್ತು ಎರಿಗೋನಿ ಡೆಂಟಿಪಾಲ್ಪಿಸ್ ಪ್ರಭೇದಗಳು ಯೂರೋಪಿನ ಹುಲ್ಲುಗಾವಲು ಹಾಗೂ ಗೋಧಿ ಹೊಲಗಳಲ್ಲಿ ಸಾಮಾನ್ಯ. ಎರಿಗೋನಿ ಆರ್ಕ್ಟಿಕ ಉತ್ತರ ಧ್ರುವದ ಸಮೀಪದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲೂ ಇದೆ.

ರೆಕ್ಕೆಗಳಿಲ್ಲದ ಈ ಜೀವಿಗಳು ಇಷ್ಟು ದೂರ ಹರಡಿದ್ದು ಹೇಗೆ? ಜೇಡ ಹುಲ್ಲಿನ ತುದಿಗೇರಿ, ತುದಿಗಾಲಲ್ಲಿ ನಿಂತು, ಹೊಟ್ಟೆಯನ್ನು ಮೇಲೆತ್ತಿ ನೂಲಿನ ಎಳೆಗಳನ್ನು ಬಿಡುತ್ತದೆ. ಎಳೆಗಳು ಅದನ್ನು ಗಾಳಿಗೆ ಒಯ್ಯುತ್ತವೆ. 1832ರಲ್ಲಿ ಚಾರ್ಲ್ಸ್ ಡಾರ್ವಿನ್ ಪಯಣಿಸುತ್ತಿದ್ದ ಬೀಗಲ್ ಹಡಗು ದಡದಿಂದ ಸುಮಾರು 60 ಮೈಲಿ ದೂರದಲ್ಲಿದ್ದಾಗ, ಅದರ ಹಗ್ಗಗಳ ಮೇಲೆ ಇಂತಹ ಅಸಂಖ್ಯ ಪುಟ್ಟ ಜೇಡಗಳು ಬಂದಿಳಿದವು.

ಗಾಳಿಯೇ ಇದಕ್ಕೆ ಕಾರಣವೆನ್ನೋಣವೇ? ಜೇಡಗಳು ಹಾರುವುದು ಸಾಮಾನ್ಯವಾಗಿ ಗಾಳಿಯ ವೇಗ ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆ ಇದ್ದಾಗ. ಮೇಲಾಗಿ, ಎಳೆಗಳು ಒಂದಕ್ಕೊಂದು ಸುತ್ತಿಕೊಳ್ಳದೆ ಬೀಸಣಿಗೆಯಂತೆ ಬಿಡಿಬಿಡಿಯಾಗಿ ಹರಡುವುದುಂಟು. ಸಜಾತೀಯ ವಿದ್ಯುದಾವೇಶಗಳು ವಿಕರ್ಷಿಸುವುದನ್ನು ಇದು ನೆನಪಿಸುತ್ತದೆ.

ಶುಭ್ರ ಹವೆಯಲ್ಲಿ ನೆಲದ ಬಳಿ ಪ್ರತಿ ಮೀಟರ್ ಎತ್ತರಕ್ಕೆ ವಿದ್ಯುತ್ ವಿಭವ ಸುಮಾರು 100 ವೋಲ್ಟ್‌ನಷ್ಟು ಹೆಚ್ಚುತ್ತದೆ. ಆಗ ಭೂಮಿಯ ಮೇಲ್ಮೈಯಲ್ಲಿ ಋಣ ಆವೇಶವಿರುತ್ತದೆ. ನೂಲಿನಲ್ಲೂ ಋಣ ಆವೇಶವಿದ್ದರೆ ಅದರ ಮೇಲೆ ಮೇಲ್ಮುಖ ಬಲ ಉಂಟಾಗಬೇಕು. ಹುಲ್ಲು, ಎಲೆಗಳ ಚೂಪು ತುದಿಗಳಲ್ಲಿ ಕ್ಷೇತ್ರ ಹಲವು ಪಟ್ಟು ತೀವ್ರ. ಮಿಂಚುವಾಹಕದ ತುದಿಯನ್ನು ಚೂಪು ಮಾಡುವುದರ ಹಿಂದಿರುವ ತತ್ತ್ವವೇ ಇದು. ಪುಟ್ಟ ಜೇಡವನ್ನೆತ್ತಲು ಈ ಬಲ ಸಾಕಾಗಬಹುದೆಂದು ಹವಾಯಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಗೋರಮ್ 2013ರಲ್ಲಿ ಲೆಕ್ಕಹಾಕಿ ತೋರಿಸಿದರು.

ಪ್ರಯೋಗದ ಪುರಾವೆ ಒದಗಿದ್ದು 2018ರಲ್ಲಿ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಎರಿಕಾ ಮಾರ್ಲಿ ಮತ್ತು ಡೇನಿಯಲ್ ರಾಬರ್ಟ್ ಎರಿಗೋನಿ ಜೇಡಗಳನ್ನು ಗಾಳಿಯಾಡದ, ಹೊರಗಿನ ವಿದ್ಯುತ್ ಕ್ಷೇತ್ರ ತಲುಪದ ಪೆಟ್ಟಿಗೆಯಲ್ಲಿಟ್ಟರು. ಕೃತಕ ಕ್ಷೇತ್ರವನ್ನು ಹಾಯಿಸಿದೊಡನೆ ಜೇಡಗಳು ತುದಿಗಾಲಲ್ಲಿ ನಿಲ್ಲುವುದು ಹೆಚ್ಚಿತು. ಮೇಲೆದ್ದ ಜೇಡಗಳು ಕ್ಷೇತ್ರವಿದ್ದಾಗ ಏರಿದವು, ನಿಲ್ಲಿಸಿದಾಗ ಇಳಿದವು. ಕಾಲಿನ ಸೂಕ್ಷ್ಮ ಸಂವೇದಿ ರೋಮಗಳು ಕ್ಷೇತ್ರಕ್ಕೆ ಸ್ಪಂದಿಸಿ ಅಲುಗುವುದೂ ಕಂಡುಬಂತು.

ಇದರರ್ಥ ಗಾಳಿಯ ಪಾತ್ರವಿಲ್ಲವೆಂದಲ್ಲ. ಬಯಲಿನಲ್ಲಿ ಎರಡೂ ಬಲಗಳು ಒಟ್ಟಿಗೇ ಇರುತ್ತವೆ. ಉಳುಮೆ, ಕೊಯ್ಲು, ಕೀಟನಾಶಕಗಳಿಂದ ಬರಿದಾದ ಹೊಲಕ್ಕೆ ಎರಿಗೋನಿ ಮರಳುವುದು ಈ ವಾಯುಮಾರ್ಗದಿಂದಲೇ. ಬಂದಿಳಿದ ಜೇಡಗಳು ಪೈರಿನ ರಸ ಹೀರುವ ಸಸ್ಯಹೇನುಗಳನ್ನು ತಿನ್ನುತ್ತವೆ. ಹೀಗಾಗಿ ಅವು ಯಾವಾಗ, ಏಕೆ ಹಾರುತ್ತವೆ ಎಂಬ ಪ್ರಶ್ನೆ ಭೌತವಿಜ್ಞಾನಿಯಷ್ಟೇ ರೈತನಿಗೂ ಸಂಬಂಧಿಸಿದ್ದು.