ಕಥೆ ಬದಲಾದರೆ ಪಾತ್ರಧಾರಿಯ ಗತಿಯೇನು?

ಕಂಪ್ಯೂಟರ್ ಆಟ ಅಂದ ಕೂಡಲೇ ನಮಗೆ ನೆನಪಾಗುವುದು ಗುಂಡು ಹಾರಿಸುವುದು, ಓಡುವುದು, ಅಂಕ ಗಳಿಸುವುದು. ಆದರೆ ಕೆಲವು ಆನ್‌ಲೈನ್ ಆಟಗಳಲ್ಲಿ ಇನ್ನೊಂದು ಬಗೆಯ ಆಟಗಾರರೂ ಇದ್ದಾರೆ. ಅವರಿಗೆ ಗೆಲ್ಲುವುದಕ್ಕಿಂತ ಒಂದು ಪಾತ್ರವಾಗಿ ಬದುಕುವುದೇ ಮುಖ್ಯ. ಕಂಪನಿಯವರು ಆಟದ ಕಥೆಯನ್ನು ಬದಲಿಸಿದಾಗ ಇಂಥವರಿಗೆ ಏನಾಗುತ್ತದೆ? ಮನೆಯಲ್ಲಿ ಇಂಥ ಆಟ ಆಡುವ ಮಕ್ಕಳು, ಯುವಜನರು ಇದ್ದರೆ ಇದನ್ನು ತಿಳಿದಿರುವುದು ಒಳ್ಳೆಯದು.

ಪಾತ್ರ ಮಾಡುವುದು ಎಂದರೇನು?

ಅಮೆರಿಕದ ಬ್ಲಿಝಾರ್ಡ್ ಕಂಪನಿ 2004ರ ನವೆಂಬರ್‌ನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟವನ್ನು ಹೊರತಂದಿತು. ಅಲಯನ್ಸ್ ಮತ್ತು ಹೋರ್ಡ್ ಎಂಬ ಎರಡು ಬಣಗಳು ಸೆಣಸುವ ಕಾಲ್ಪನಿಕ ಲೋಕ ಅದು. ಅದರಲ್ಲಿ ಕೆಲವು ಸರ್ವರ್‌ಗಳನ್ನು ಪಾತ್ರ ಮಾಡುವವರಿಗಾಗಿಯೇ ಮೀಸಲಿಟ್ಟಿದ್ದಾರೆ. ಅಮೆರಿಕದ ‘ಮೂನ್ ಗಾರ್ಡ್’, ಯುರೋಪಿನ ‘ಆರ್ಜೆಂಟ್ ಡಾನ್’ ಇವುಗಳಲ್ಲಿ ಹೆಸರಾದವು. ಇಲ್ಲಿ ಒಬ್ಬರು ಸೈನಿಕರಾದರೆ ಇನ್ನೊಬ್ಬರು ವೈದ್ಯರು, ಮತ್ತೊಬ್ಬರು ಛತ್ರ ನಡೆಸುವವರು. ಮಾತನ್ನೆಲ್ಲ ತಾವೇ ಟೈಪ್ ಮಾಡಿ ಆಡ್ತಾರೆ. ಗಿಲ್ಡ್ ಎಂಬ ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಒಟ್ಟಿಗೆ ಇರ್ತಾರೆ.

ನಮ್ಮ ತಾಳಮದ್ದಳೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಪ್ರಸಂಗದ ಪದ್ಯ ಮೊದಲೇ ನಿಗದಿಯಾಗಿರುತ್ತದೆ, ಅರ್ಥ ಹೇಳುವ ಸ್ವಾತಂತ್ರ್ಯ ಮಾತ್ರ ಅರ್ಥಧಾರಿಯದು. ಈ ಆಟದಲ್ಲಿ ಕಷ್ಟ ಏನಪ್ಪಾ ಅಂದರೆ, ಪ್ರಸಂಗವೇ ಎರಡು ವರ್ಷಕ್ಕೊಮ್ಮೆ ಬದಲಾಗಿಬಿಡುತ್ತದೆ. ಬದಲಿಸುವವರು ಕಂಪನಿಯವರು, ಪಾತ್ರಧಾರಿಯಲ್ಲ.

ಬದಲಾವಣೆಯಿಂದ ಆಗುವ ಪರಿಣಾಮಗಳು

1. ಊರೇ ಇಲ್ಲವಾಗುವುದು. 2010ರ ಡಿಸೆಂಬರ್‌ನಲ್ಲಿ ‘ಕ್ಯಾಟಕ್ಲಿಸಮ್’ ಎಂಬ ಹೊಸ ಭಾಗ ಬಂತು. ಡೆತ್‌ವಿಂಗ್ ಎಂಬ ಡ್ರ್ಯಾಗನ್ ಭೂಮಿಯನ್ನು ಸೀಳಿಕೊಂಡು ಎದ್ದಿತು ಎಂಬುದು ಕಥೆ. ಆಬರ್‌ಡೀನ್, ಸೌತ್‌ಶೋರ್ ಎಂಬ ಊರುಗಳು ಹಾಳಾದವು. ಅಲ್ಲಿ ಅಂಗಡಿ ಇಟ್ಟಂತೆ, ಕಾವಲು ಕಾಯುವಂತೆ ಆಡುತ್ತಿದ್ದವರು ಬೆಳಗಾಗುವುದರೊಳಗೆ ನೆಲೆ ಕಳೆದುಕೊಂಡರು. ಹಳೆಯ ಲೋಕವನ್ನು ಮತ್ತೆ ನೋಡಲು 2019ರ ಆಗಸ್ಟ್‌ನಲ್ಲಿ ‘ಕ್ಲಾಸಿಕ್’ ಬರುವ ತನಕ ಕಾಯಬೇಕಾಯಿತು. ಅದೂ ಬೇರೆಯೇ ಆಟ. ಹಳೆಯ ಪಾತ್ರವನ್ನು ಅಲ್ಲಿಗೆ ಒಯ್ಯಲು ಬರುವುದಿಲ್ಲ, ಮೊದಲಿನಿಂದ ಶುರು ಮಾಡಬೇಕು.

2. ಮಾಡದ ತಪ್ಪಿಗೆ ಹೊಣೆಯಾಗುವುದು. ನೈಟ್ ಎಲ್ಫ್ ಎಂಬ ಜನಾಂಗದವರ ನಗರ ಟೆಲ್ಡ್ರಾಸಿಲ್ ಎಂಬ ಮಹಾವೃಕ್ಷದ ಮೇಲಿತ್ತು. 2018ರ ಕಥೆಯಲ್ಲಿ ಹೋರ್ಡ್ ಬಣದ ನಾಯಕಿ ಸಿಲ್ವಾನಸ್ ಆ ಮರವನ್ನೇ ಸುಡಿಸಿದಳು. ನೈಟ್ ಎಲ್ಫ್ ಪಾತ್ರದವರಿಗೆ ಮನೆ ಹೋದ ದುಃಖ. ಹೋರ್ಡ್ ಪಾತ್ರದವರಿಗೆ ಇನ್ನೊಂದು ಸಂಕಟ: “ನನ್ನ ಪಾತ್ರ ಮರ್ಯಾದಸ್ಥ ಯೋಧ. ಜನರಿದ್ದ ಊರಿಗೆ ಬೆಂಕಿ ಇಡುವವನಲ್ಲ. ಈಗ ಏನು ಮಾಡಲಿ?” ಕಥೆಯೊಳಗೆ ಬಣ ಬಿಡುವ ದಾರಿಯನ್ನು ಕಂಪನಿ ಕೊಟ್ಟಿರಲಿಲ್ಲ.

3. ಹಳೆಯ ಮಾತು ಸುಳ್ಳಾಗುವುದು. ಎರೆಡಾರ್ ಎಂಬ ದುಷ್ಟರು ಸಾರ್ಗೆರಸ್ ಎಂಬ ದೇವತೆಯ ಮನಸ್ಸು ಕೆಡಿಸಿದರು ಎಂದು 2002ರ ಆಟದ ಕೈಪಿಡಿ ಹೇಳಿತ್ತು. 2007ರ ಹೊಸ ಭಾಗದಲ್ಲಿ ಕಥೆ ತಿರುವುಮುರುವಾಯಿತು. ಅವರನ್ನು ಕೆಡಿಸಿದವನೇ ಸಾರ್ಗೆರಸ್ ಅಂತ ಆಯಿತು. ಹಳೆಯ ಪುರಾಣವನ್ನು ನಂಬಿ ತನ್ನ ಪಾತ್ರದ ಹಿನ್ನೆಲೆ ಬರೆದುಕೊಂಡವರು ಅದನ್ನು ತಿದ್ದಬೇಕಾಯಿತು.

4. ಎಲ್ಲರೂ ಮಹಾವೀರರಾಗುವುದು. 2016ರ ಭಾಗದಲ್ಲಿ ಕಥೆಯೊಳಗೆ ಜಗತ್ತಿಗೇ ಒಂದೇ ಆದ ಪ್ರಸಿದ್ಧ ಖಡ್ಗವನ್ನು ಸಾವಿರಾರು ಆಟಗಾರರಿಗೂ ಕೊಟ್ಟರು. ಸಾಮಾನ್ಯ ರೊಟ್ಟಿ ಮಾರುವವಳ ಪಾತ್ರ ಮಾಡುವವರಿಗೆ ಈ ಕಥೆಯಲ್ಲಿ ಜಾಗವೆಲ್ಲಿ?

ಲಾಭವೂ ಉಂಟು. ಊರು ಸುಟ್ಟ ಮೇಲೆ ನಿರಾಶ್ರಿತರ ಕಥೆ ಹುಟ್ಟುತ್ತದೆ, ಶತ್ರುಗಳ ನಡುವೆ ಸಂಧಾನದ ಕಥೆ ಹುಟ್ಟುತ್ತದೆ. ಗಿಲ್ನಿಯಸ್ ಎಂಬ ರಾಜ್ಯವನ್ನು ಅಲ್ಲಿಯ ಜನ ಕಳೆದುಕೊಂಡದ್ದು 2010ರ ಕಥೆಯಲ್ಲಿ, ಮರಳಿ ಪಡೆದದ್ದು 2024ರ ಜನವರಿಯಲ್ಲಿ. ಹದಿಮೂರು ವರ್ಷ ಕಾದವರಿಗೆ ಅದು ಸಣ್ಣ ಸಂಗತಿಯಲ್ಲ.

ಅವರು ಹೇಗೆ ನಿಭಾಯಿಸುತ್ತಾರೆ?

ಕೆಲವರು ಹೊಸ ಕಥೆಯನ್ನು ಒಪ್ಪಿ ಪಾತ್ರವನ್ನು ಬೆಳೆಸುತ್ತಾರೆ. ಕೆಲವರು ‘ನಮ್ಮ ಪಾತ್ರ ಆಗ ಬೇರೆ ಊರಲ್ಲಿತ್ತು’ ಅಂತ ಪಕ್ಕಕ್ಕಿಡುತ್ತಾರೆ. ಆಟದೊಳಗೆ ಝಿಡೋರ್ಮಿ ಎಂಬ ಪಾತ್ರವಿದೆ. ಅದನ್ನು ಕೇಳಿಕೊಂಡರೆ ಟೆಲ್ಡ್ರಾಸಿಲ್‌ನಂಥ ಕೆಲವು ಜಾಗಗಳನ್ನು ಸುಡುವ ಮೊದಲಿನ ರೂಪದಲ್ಲಿ ಕಾಣಬಹುದು. ಆದರೆ ಗಿಲ್ಡಿನವರೆಲ್ಲ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬರುವುದು ಎಲ್ಲಕ್ಕಿಂತ ಮುಖ್ಯ. ಅರ್ಧ ಜನರಿಗೆ ಊರು ಸುಟ್ಟಿದೆ, ಇನ್ನರ್ಧಕ್ಕೆ ಸುಟ್ಟಿಲ್ಲ ಅಂದರೆ ಆಟ ನಡೆಯುವುದಿಲ್ಲ. ಹೀಗೆ ಒಮ್ಮತಕ್ಕೆ ಬಾರದ ಗುಂಪುಗಳು ಒಡೆದುಹೋಗುತ್ತವೆ. ನಿಜವಾದ ನಷ್ಟ ಅದೇ. ಮರ ಸುಟ್ಟದ್ದು ಕಾಲ್ಪನಿಕವಾದರೂ ದಿನಾ ಮಾತಾಡುತ್ತಿದ್ದ ಗೆಳೆಯರು ಕಾಲ್ಪನಿಕ ಅಲ್ಲ.

ಒಂದು ನಿಜ ಸಂಗತಿ

ನಾರ್ವೆ ದೇಶದ ಮ್ಯಾಟ್ಸ್ ಸ್ಟೀನ್ ಎಂಬ ಯುವಕನಿಗೆ ಡುಶೆನ್ ಎಂಬ ಸ್ನಾಯು ಕ್ಷೀಣಿಸುವ ಕಾಯಿಲೆ ಇತ್ತು. ಗಾಲಿಕುರ್ಚಿಯಲ್ಲೇ ಬದುಕಿ, 2014ರ ನವೆಂಬರ್‌ನಲ್ಲಿ 25ನೇ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿ ಬಾಳಿದ ಅಂತ ತಂದೆ ತಾಯಿ ಕೊರಗಿದ್ದರು. ಆದರೆ ಸಾವಿನ ಸುದ್ದಿ ತಿಳಿಸಿದ ಕೂಡಲೇ ಯುರೋಪಿನ ಹಲವು ಕಡೆಯಿಂದ ಪತ್ರಗಳು ಬಂದವು. ವಾರ್‌ಕ್ರಾಫ್ಟ್‌ನಲ್ಲಿ ಅವನು ‘ಇಬೆಲಿನ್’ ಎಂಬ ಪಾತ್ರವಾಗಿ, ‘ಸ್ಟಾರ್‌ಲೈಟ್’ ಎಂಬ ಗಿಲ್ಡಿನಲ್ಲಿ ಅನೇಕರಿಗೆ ಆಪ್ತನಾಗಿದ್ದ. ಕೆಲವರು ಅಂತ್ಯಕ್ರಿಯೆಗೂ ಬಂದರು. ಅವನ ಬದುಕಿನ ಬಗ್ಗೆ 2024ರಲ್ಲಿ ಸಾಕ್ಷ್ಯಚಿತ್ರವೂ ಬಂತು.

ಮನೆಯವರು ಗಮನಿಸಬೇಕಾದದ್ದು

* ಮಗ ಅಥವಾ ಮಗಳು ಆಟದ ಕಥೆ ಬದಲಾಯ್ತು ಅಂತ ಬೇಜಾರಾಗಿದ್ದರೆ ನಗಬೇಡಿ. “ನಿನ್ನ ಪಾತ್ರಕ್ಕೆ ಏನಾಯ್ತು? ನಿನ್ನ ಜೊತೆ ಯಾರ್ಯಾರು ಆಡ್ತಾರೆ?” ಅಂತ ಕೇಳಿ.

* ಗುಂಪು ಒಡೆದಿದ್ದರೆ ಅದು ಸ್ನೇಹ ಮುರಿದ ನೋವು. ಅದಕ್ಕೆ ಸಮಯ ಬೇಕು.

* ನಿದ್ದೆ, ಓದು, ಊಟ ಕೆಡುತ್ತಿದ್ದರೆ, ಹಣ ಮಿತಿಮೀರಿ ಹೋಗುತ್ತಿದ್ದರೆ ಸುಮ್ಮನಿರಬೇಡಿ. ಬೈದು ಕಂಪ್ಯೂಟರ್ ಕಿತ್ತಿಡುವ ಮೊದಲು ಕೂತು ಮಾತಾಡಿ, ಒಂದು ಹೊತ್ತು ಗೊತ್ತುಮಾಡಿ.

* ಅಪರಿಚಿತರಿಗೆ ವಿಳಾಸ, ಫೋಟೋ, ಬ್ಯಾಂಕ್ ವಿವರ ಕೊಡಬಾರದು ಎಂಬುದನ್ನು ಮರೆಯದೆ ತಿಳಿಸಿ.

* ಬಿಡುವಿದ್ದಾಗ ಪಕ್ಕದಲ್ಲಿ ಕೂತು ಅರ್ಧ ಗಂಟೆ ನೋಡಿ. ಮ್ಯಾಟ್ಸ್‌ನ ಗೆಳೆಯರ ಬಳಗವನ್ನು ಅವನ ಹೆತ್ತವರು ಅರಿತದ್ದು ಅವನು ಹೋದ ಮೇಲೆ. ನಿಮ್ಮ ಮಕ್ಕಳ ಗೆಳೆಯರನ್ನು ನೀವು ಈಗಲೇ ಪರಿಚಯ ಮಾಡಿಕೊಳ್ಳಬಹುದು.